ಹೊಂಗೆನಾಡಿನ ಮಹಾಹೂಡಿಕೆ

ಬಹಳ ಹಿಂದೆ, ಅಂದರೆ ಪತ್ರಿಕೆ ಓದುವ ತಮಗೆ ಯಾರ ನೆನಪೂ ಬರಬಾರದಷ್ಟು ಹಿಂದೆ, ಹೊಂಗೆನಾಡು ಎಂಬ ಬಡರಾಜ್ಯವಿತ್ತು. ಅದನ್ನು ಪ್ರಸನ್ನಭೂಪಾಲ ಮಹಾರಾಜರು ಆಳುತ್ತಿದ್ದರು. ಒಂದು ದಿನ ಕಡಲಾಚೆಯ ಸಿರಿವಂತ ದೇಶದಿಂದ ಹಣದ ಪೆಟ್ಟಿಗೆಯೊಡನೆ ಓಲೆ ಬಂತು: "ನಿಮ್ಮ ಕೃಷಿಯಲ್ಲಿ ಹೂಡಿಕೆಯಾಗಲಿ. ಏನು ಬೇಕೆಂದು ರೈತರನ್ನೇ ಕೇಳಿ."

ಕೇಳುವ ಕಷ್ಟವೂ ಇರಲಿಲ್ಲ. ಕೋಡಿಪುರದ ರೈತ ಹೆಂಗಸು ದ್ಯಾವಮ್ಮ ಆಗಲೇ ಆಸ್ಥಾನದ ಬಾಗಿಲಲ್ಲಿ ನಿಂತಿದ್ದಳು.

"ಬುದ್ಧೀ, ನಮ್ಮೂರ ಕೆರೆ ತೂಬು ಕಿತ್ತೋಗ್ಯದೆ, ನೀರೆಲ್ಲಾ ಹಳ್ಳ ಸೇರ್ತದೆ. ಅದೊಂದ್ನ ಸರಿ ಮಾಡಿಸ್ಕೊಡಿ, ಮಿಕ್ಕಿದ್ದು ನಾವು ನೋಡ್ಕತೀವಿ."

"ಪ್ರಭೂ, ತೂಬು ತೀರಾ ಸ್ಥಳೀಯ ವಿಷಯ. ತಮ್ಮ ದೂರದೃಷ್ಟಿ ಅಷ್ಟು ಹತ್ತಿರ ಬೀಳಬಾರದು" ಎಂದರು ಮಹಾಮಂತ್ರಿ ಮಾರ್ಗಸೂಚಿರಾಯರು.

"ಸರಿ. ಆದರೆ ಈ ಹೂಡಿಕೆ ಎಂದರೇನು?" ಎಂದರು ಪ್ರಭುಗಳು.

ಯಾರಿಗೂ ಗೊತ್ತಿರಲಿಲ್ಲ. ಆಸ್ಥಾನ ವಿದ್ವಾಂಸರು ನಿಘಂಟು ತೆರೆದು ಓದಿದರು: "ಹೂಡು ಎಂದರೆ ಎತ್ತನ್ನು ನೊಗಕ್ಕೆ ಕಟ್ಟು."

"ಭಲೇ! ಹಾಗಾದರೆ ನಮ್ಮ ಹೂಡಿಕೆದಾರರು ಕೊಟ್ಟಿಗೆಯಲ್ಲೇ ಇದ್ದಾರೆ!" ಎಂದರು ಪ್ರಭುಗಳು.

ಒಡನೆ ರಾಜಾಜ್ಞೆ ಹೊರಟಿತು. ನಾಡಿನ ಎತ್ತುಗಳೆಲ್ಲ ರಾಜಧಾನಿಯ ಹೂಡಿಕೆದಾರರ ಸಮಾವೇಶಕ್ಕೆ ಹಾಜರಾದವು. ಬಂದ ಹಣ ಶಾಮಿಯಾನಕ್ಕೂ ಶಾಲುಗಳಿಗೂ ಸರಿಹೋಯಿತು. ದ್ಯಾವಮ್ಮನ ಜೋಡೆತ್ತು ಮುಂದಿನ ಸಾಲಿನಲ್ಲಿ ಕೊರಳಿಗೆ ಬ್ಯಾಡ್ಜ್ ಹಾಕಿಕೊಂಡು ನಿಂತು, ಯೋಜನಾ ವರದಿಯನ್ನು ಮೆಲ್ಲಗೆ ಮೆದ್ದವು. ಅದನ್ನು ಪೂರ್ತಿ ಅರಗಿಸಿಕೊಂಡವರು ಆ ರಾಜ್ಯದಲ್ಲಿ ಅವೆರಡೇ.

ದ್ಯಾವಮ್ಮ ಮತ್ತೆ ಓಡಿಬಂದಳು. "ಬುದ್ಧೀ, ಬಿತ್ನೆ ಹೊತ್ತು! ಎತ್ತಿಲ್ದೆ ಹೆಂಗ್ ಉಳೋದು? ಹದ ಹೋದ್ರೆ ವರ್ಷದ ಕೂಳೇ ಹೋಯ್ತು."

"ಅಮ್ಮಾ, ಅವು ಈಗ ಎತ್ತುಗಳಲ್ಲ, ಗಣ್ಯರು" ಎಂದರು ರಾಯರು.

ಹಣ ಕಳಿಸಿದ ದೇಶದ ರಾಯಭಾರಿ ಮಹಾರಾಜರ ಹಾಗೂ ರಾಯರ ಜೊತೆ ಕೋಡಿಪುರಕ್ಕೆ ಬಂದ ದಿನ ದ್ಯಾವಮ್ಮನೂ ಗಂಡ ಜವರಯ್ಯನೂ ನೊಗ ಎಳೆಯುತ್ತಿದ್ದರು, ಮುದಿ ಅತ್ತೆ ನೇಗಿಲ ಮೇಣಿ ಹಿಡಿದಿದ್ದಳು.

"ಇದೇನು?" ಎಂದು ರಾಯಭಾರಿ ಬೆರಗಾದ.

"ಜನರ ನೇರ ಪಾಲ್ಗೊಳ್ಳುವಿಕೆ, ಸ್ವಾಮಿ" ಎಂದರು ರಾಯರು.

ರಾಯಭಾರಿಗೆ ಕಣ್ಣು ತುಂಬಿ ಬಂತು. ಮಹಾರಾಜರಿಗೆ ಅಲ್ಲೇ, ಬದುವಿನ ಮೇಲೇ, 'ಕೃಷಿಬಂಧು' ಕಿರೀಟ ತೊಡಿಸಿದ.

ಸಂತುಷ್ಟರಾದ ಪ್ರಭುಗಳು ಎತ್ತುಗಳನ್ನು ಹಿಂದಿರುಗಿಸಿದರು. ಜೊತೆಗೆ ಒಂದು ಸುತ್ತೋಲೆ ಬಂತು: ಸನ್ಮಾನಿತರನ್ನು ನೊಗಕ್ಕೆ ಕಟ್ಟುವಂತಿಲ್ಲ, ಮೂರು ಹೊತ್ತಿನ ಮೇವು ತಪ್ಪಿಸುವಂತಿಲ್ಲ.

ದ್ಯಾವಮ್ಮ ಶಾಲು ಹೊದ್ದ ಎತ್ತುಗಳ ಮುಂದೆ ಹುಲ್ಲು ಹಾಕಿ, ಅವುಗಳ ಮೈದಡವಿ, ಗಂಡನ ಪಕ್ಕ ಮತ್ತೆ ನೊಗಕ್ಕೆ ಹೆಗಲು ಕೊಟ್ಟಳು. ಕೆರೆಯ ನೀರು ಮುರಿದ ತೂಬಿನಿಂದ ಹಳ್ಳಕ್ಕೆ ಹರಿಯುತ್ತಲೇ ಇತ್ತು.