ಮಾವನವರು ತಂದ ದೊರೆಯ ನಾಯಿ

ನಮ್ಮ ಮಾವನವರಿಗೆ ನಾಯಿ ಕಂಡರೆ ಜೀವ ಬಾಯಿಗೆ ಬರುತ್ತಿತ್ತು. ಅಂಥವರು ಮೈಸೂರು ಸೀಮೆಗೇ ಒಂದಾದ ಬಿಲಾಯತಿ ನಾಯಿಯನ್ನು ತಂದು ಸಾಕಿದರು ಎಂದರೆ ನಂಬುತ್ತೀರಾ? ನಂಬುವುದು ಕಷ್ಟವೇ! ಆದರೆ ಆ ನಾಯಿಗೆ ಹನ್ನೆರಡು ವರ್ಷ ರಾಗಿಮುದ್ದೆ ಕಟ್ಟಿ ಹಾಕಿದ ಕೈ ಇದೇ ನೋಡಿ.

ಮಾವನವರು ಎಂದರೆ ನನ್ನ ಗಂಡನ ತಂದೆ, ಐಮಂಗಲದಲ್ಲಿ ದವಸದ ವ್ಯಾಪಾರಿ. ಹನ್ನೆರಡು ತಿಂಗಳೂ ಕೈಯಲ್ಲಿ ಛತ್ರಿ. ನಮ್ಮ ಕಡೆ ಮಳೆ ಎಷ್ಟು ಬರುತ್ತದೆಂದು ಎಲ್ಲರಿಗೂ ಗೊತ್ತಲ್ಲ! ಛತ್ರಿ ಇದ್ದದ್ದು ನಾಯಿಗಳಿಗೆ. ದೂರದಲ್ಲಿ ಒಂದು ಬಾಲ ಅಲ್ಲಾಡಿದರೆ ಸಾಕು, ಛತ್ರಿಯನ್ನು ಪಟ್ಟನೆ ಬಿಚ್ಚಿ ಅದರ ಹಿಂದೆ ಕುಕ್ಕರುಗಾಲಲ್ಲಿ ಕೂತುಬಿಡುವರು. ನಾಯಿಗಳು ಬಂದು, ಛತ್ರಿ ಮೂಸಿ, ಬೇಸರ ಬಂದು ಹೋಗುವವು.

ಇನ್ನೊಂದು ಹುಚ್ಚೆಂದರೆ ಅಪರೂಪದ ವಸ್ತು. ಊರಿಗೆಲ್ಲ ಮೂರು ಕಣ್ಣಿನ ತೆಂಗಿನಕಾಯಿಯಾದರೆ ನಮ್ಮ ದೇವರ ಮನೆಯಲ್ಲಿ ಎರಡು ಕಣ್ಣಿನದು. ಕುರುಬರ ಹಟ್ಟಿಯ ಬೀರಪ್ಪನಿಂದ ಒಂದು ಸಲ ನಾಲ್ಕು ಕೊಂಬಿನ ಟಗರು ತಂದರು. ಅದು ಮೂರನೆಯ ದಿನ ಮಾವನವರನ್ನು ಹಿಂದಿನಿಂದ ಗುಮ್ಮಿ ಕಡಲೆ ರಾಶಿಯ ಮೇಲೆ ಬೀಳಿಸಿತು. ಬಿದ್ದಲ್ಲಿಂದಲೇ ನಮ್ಮತ್ತೆಗೆ ಕೂಗಿ ಹೇಳಿದರು: "ನೋಡ್ದೇನೇ? ಬ್ಯಾರೆ ಟಗರಾದ್ರೆ ಎಲ್ಡೇ ಕೊಂಬಲ್ಲಿ ಗುಮ್ತಿತ್ತು!"

ಮಾರಿಕಣಿವೆಯಲ್ಲಿ ಅಣೆಕಟ್ಟೆಯ ಕೆಲಸ ಮುಗಿಯುತ್ತ ಬಂದಿದ್ದ ಕಾಲ ಅದು. ಅಲ್ಲಿನ ಕೆಲಸಗಾರರಿಗೆ ರಾಗಿ, ಬೇಳೆ ಹೋಗುತ್ತಿದ್ದುದು ನಮ್ಮ ಅಂಗಡಿಯಿಂದ. ಆ ವರ್ಷವೇ ನನ್ನ ಚೊಚ್ಚಲ ಕೂಸು ಹನ್ನೊಂದು ದಿನ ಬದುಕಿ ಹೋಗಿತ್ತು. ನಾನು ಮನೆಯ ಕೆಲಸವನ್ನೆಲ್ಲ ಮಾಡುತ್ತಿದ್ದೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದೆ, ಅಷ್ಟೇ. ಹೋಗಲಿ, ನಾನು ಹೇಳಹೊರಟಿದ್ದು ನಾಯಿಯ ಕಥೆ.

ಒಂದು ದಿನ ಮಾವನವರು ಗಾಡಿ ಕಟ್ಟಿಸಿ, "ನಡೀರವ್ವ, ಕಟ್ಟೆ ನೋಡ್ಕಂಡು ಬರಾಣ" ಎಂದು ನನ್ನನ್ನೂ ಅತ್ತೆಯನ್ನೂ ಕರೆದೊಯ್ದರು. ಅಲ್ಲಿದ್ದ ಇಂಗ್ಲಿಷ್ ಇಂಜಿನಿಯರ್ ದೊರೆಗೆ ಒಂದು ನಾಯಿ. ಬೆಲ್ಲದ ಬಣ್ಣ, ಕುಳ್ಳು ಕಾಲು, ನೆಲ ಗುಡಿಸುವಷ್ಟು ಉದ್ದದ ಕೂದಲು, ಜೋತುಬಿದ್ದ ಅಗಲ ಕಿವಿ. ಅದು ನೇರ ನನ್ನ ಹತ್ತಿರ ಬಂದು ನನ್ನ ಪಾದದ ಮೇಲೆ ತಲೆಯಿಟ್ಟು, ಎರಡೂ ಕಿವಿಗಳನ್ನು ಹಾಸಿಕೊಂಡು, ಗೊರಕೆ ಹೊಡೆಯತೊಡಗಿತು! ಮಾವನವರು ಆಗಲೇ ಛತ್ರಿಯ ಹಿಂದೆ ಕೂತಾಗಿತ್ತು. ನಾನು ನಕ್ಕುಬಿಟ್ಟೆ.

ಆ ದೊರೆ ಕನ್ನಡ ಕಲಿತದ್ದು ಕಲ್ಲು ಹೊರುವವರಿಂದ. ಆದ್ದರಿಂದ ಅವರ ಮಾತು ನಮ್ಮ ಹಟ್ಟಿಯವರ ಮಾತಿನಂತೆಯೇ ಇರುತ್ತಿತ್ತು.

"ಏನಪ್ಪ ಸಾವ್ಕಾರ, ಹೆದರ್ಕಂಡ್ಯಾ? ಇದು ಸಸೆಕ್ಸ್ ಸ್ಪ್ಯಾನಿಯಲ್ಲು. ನಮ್ಮ ದೇಶದಾಗೇ ಬೆರಳೆಣಿಕೆ ಅವೆ. ಇಲ್ಲಿ ಇದೊಂದೇ ಐತೆ. ನಾನು ಊರಿಗೆ ಹೊಂಟೀನಿ, ವಯಸ್ಸಾದ ನಾಯಿ ಹಡಗಿನಾಗೆ ತಡೆಯಲ್ಲ. ಒಳ್ಳೆ ಮನೆ ಹುಡುಕ್ತಿದೀನಿ."

ಛತ್ರಿಯ ಮೇಲಿನಿಂದ ಎರಡು ಕಣ್ಣು ಕಾಣಿಸಿದವು. "ನಂಗೆ ಕೊಡ್ರಿ ಸ್ವಾಮಿ."

ದೊರೆ ಒಪ್ಪಿದರು, ಒಂದು ಷರತ್ತಿನ ಮೇಲೆ. ಇನ್ನು ಹದಿನೆಂಟು ದಿನಕ್ಕೆ ಅವರು ರೈಲು ಹತ್ತಲು ಐಮಂಗಲದ ಮೇಲೆಯೇ ಹೊಳಲ್ಕೆರೆಗೆ ಹೋಗುವವರು. ಆಗ ಬಂದು ನೋಡುತ್ತಾರೆ. ನಾಯಿ ಈಗಿನ ಹಾಗೇ ಚೆನ್ನಾಗಿದ್ದರೆ ಸರಿ, ಇಲ್ಲದಿದ್ದರೆ ಎತ್ತಿಕೊಂಡು ಹೋಗಿ ಬೇರೆಯವರಿಗೆ ಕೊಡುತ್ತಾರೆ. ನಾಯಿ ಗಾಡಿಯಲ್ಲಿ ನಮ್ಮ ಜೊತೆ ಕೂತು ಬಂತು. ಮಾವನವರು ಊರಿನ ತನಕ ಗಾಡಿಯ ಹಿಂದೆ ನಡೆದು ಬಂದರು.

ಗಾಡಿಯಲ್ಲಿ ಬಾಯಿ ಬಿಗಿಹಿಡಿದಿದ್ದ ಅತ್ತೆ ಹೊಸ್ತಿಲಲ್ಲಿ ಬಾಯಿ ಬಿಟ್ಟರು. "ಲಿಂಗಪೂಜೆ ನಡೆಯೋ ಮನೆ ಇದು. ನಾಯಿ ಒಳಗ್ ಬಂದ್ರೆ ನಾನು ಭರಮಸಾಗರಕ್ಕೆ, ನನ್ನ ತವರಿಗೆ ಹೊಂಟೆ!"

"ಹೋಗ್ಬಿಟ್ಟು ಬಾ" ಎಂದರು ಮಾವನವರು.

ಹಾಗೆ ಅನ್ನಬಾರದಿತ್ತು. ಅತ್ತೆ ತವರಿಗೆ ಹೋಗುವ ಯೋಚನೆಯನ್ನೇ ಬಿಟ್ಟರು! ಕೊನೆಗೆ ಅವರೇ ಒಂದು ದಾರಿ ಹೇಳಿದರು. ಹಾಲುರಾಮೇಶ್ವರಕ್ಕೆ ಹೋಗಿ ಕೊಳದ ಮುಂದೆ ಬೇಡಿಕೊಳ್ಳುವುದು. ಅಲ್ಲಿ ಗಂಗಮ್ಮ ಒಪ್ಪಿದರೆ ನೀರೊಳಗಿಂದ ಪ್ರಸಾದ ತೇಲಿ ಬರುತ್ತದೆಂದು ನಮ್ಮ ಕಡೆಯವರ ನಂಬಿಕೆ. ಪ್ರಸಾದ ಬಂದರೆ ನಾಯಿ ಇರಲಿ. ಮಾವನವರು ನಾಯಿಯನ್ನು ಬೀರಪ್ಪನ ಹಟ್ಟಿಯಲ್ಲಿ ಬಿಟ್ಟು, "ನಿನ್ನ ಕುರಿಗಳ ಹಂಗೇ ನೋಡ್ಕಳಪ್ಪ" ಎಂದು ಹೇಳಿ ಗಾಡಿ ಹೊಡೆಸಿದರು. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಐದನೆಯ ದಿನ ಮಾವನವರು ಪ್ರಸಾದವೆಂದು ಬಾಳೆಹಣ್ಣು ಹಿಡಿದು ಬಂದರು. ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಬಾಳೆಹಣ್ಣು ಬಂದ್ರೆ ನಾಯಿ ಇಟ್ಕಾ ಅಂತ ಅರ್ಥ ಏನು?"

"ಬ್ಯಾಡ ಅನ್ನೋಳು ಹಣ್ಣು ಯಾಕೆ ಕಳಿಸ್ತಾಳೆ? ಸುಮ್ಕೆ ಇರ್ತಿರ್ಲಿಲ್ವಾ?"

ಅತ್ತೆ ಹಣ್ಣನ್ನು ಕಣ್ಣಿಗೊತ್ತಿಕೊಂಡು ತಿಂದರು. ಮಾವನವರು ಗೆದ್ದ ಖುಷಿಯಲ್ಲಿ ಹಟ್ಟಿಗೆ ಹೊರಟರು, ನಾನೂ ಹಿಂದೆಯೇ ಹೋದೆ.

ಅಲ್ಲಿ ಉಣ್ಣೆ ಕತ್ತರಿಸುವ ಕೆಲಸ ನಡೆದಿತ್ತು. ಮಂದೆಯೆಲ್ಲ ಬೋಳಾಗಿ ನಿಂತಿತ್ತು. ಆ ಬೋಳು ಕುರಿಗಳ ನಡುವಿನಿಂದ ಬೋಳು ಪ್ರಾಣಿಯೊಂದು ಬಾಲ ಅಲ್ಲಾಡಿಸುತ್ತ ನನ್ನ ಕಡೆಗೆ ಓಡಿ ಬಂತು. ಮೈಮೇಲೆ ಒಂದೆಳೆ ಕೂದಲಿಲ್ಲ! ಕಿವಿ ಎರಡು ಮಾತ್ರ ದೊಡ್ಡ ವೀಳ್ಯದೆಲೆಯ ಹಾಗೆ ಜೋತಾಡುತ್ತಿದ್ದವು. ಮಾವನವರು ಛತ್ರಿ ಬಿಚ್ಚುವುದನ್ನೂ ಮರೆತರು.

"ಲೇ ಬೀರಪ್ಪ, ಏನೋ ಮಾಡ್ದೆ!"

"ಯಾಕ್ರೀ ಸಾವ್ಕಾರ್ರೆ? ಕುರಿಗಳ ಹಂಗೇ ನೋಡ್ಕ ಅಂದ್ರಲ್ರೀ. ಉಣ್ಣೆ ಹೊತ್ಕಂಡು ತೇಕ್ತಿತ್ತು, ಪಾಪ. ಮಂದೆಗೆ ಬಂದ ಜೀವಾನ ಬಿಟ್ಟು ಉಳಿದವಕ್ಕೆ ಕತ್ರಿಸಾದು ಹೆಂಗ್ರೀ? ಮೊದಲು ಇದಕ್ಕೇ ಕತ್ರಿಸ್ದೆ." ಬೀರಪ್ಪನ ಮುಖದಲ್ಲಿ ಅತಿಥಿಗೆ ಮೊದಲ ಪಂಕ್ತಿಯಲ್ಲಿ ಬಡಿಸಿದವನ ತೃಪ್ತಿ!

ದೊರೆ ಬರಲು ಹನ್ನೆರಡು ದಿನ ಉಳಿದಿತ್ತು. ಮಾವನವರು ದಿನಾ ಹರಳೆಣ್ಣೆ ತಂದು ಕೊಡುವರು, ನಾನು ತಿಕ್ಕುವೆನು, ಅವರು ಹತ್ತು ಮಾರು ದೂರದಲ್ಲಿ ನಿಂತು "ಏನಾರ ಬಂತೇನವ್ವ?" ಎಂದು ಕೇಳುವರು. ಕೂದಲು ಬರಲಿಲ್ಲ. ಮಿಂಚು ಬಂತು! ಊಟದ್ದು ಇನ್ನೊಂದು ಗೋಳು. ದೊರೆಯ ಮನೆಯಲ್ಲಿ ಮಾಂಸ ತಿಂದ ನಾಯಿ ನಮ್ಮ ಮುದ್ದೆಯನ್ನು ಎರಡು ದಿನ ಮೂಸಿಯೂ ನೋಡಲಿಲ್ಲ. ಮೂರನೆಯ ದಿನ ಅತ್ತೆ ಅದರ ಮುಂದೆ ಕೂತು, "ಲೇ ಕೆಂಚ, ಈ ಮನೇಲಿ ಇರಾದೇ ಆದ್ರೆ ಇದೇ ಐತೆ, ನೋಡು" ಎಂದರು. ಹೆಸರಿಟ್ಟವರೂ ಅವರೇ ಆದರು! ಕೆಂಚ ಒಲ್ಲದ ಮನಸ್ಸಿನಿಂದ ಒಂದು ತುತ್ತು ಬಾಯಿಗೆ ಹಾಕಿಕೊಂಡ. ನಾನು ಮಾತ್ರ ದಿನ ಎಣಿಸುತ್ತಿದ್ದೆ. ಇವನನ್ನೂ ಕಳಿಸಿಕೊಡಬೇಕೇ?

ದೊರೆ ಬಂದೇಬಿಟ್ಟರು. ಗಾಡಿಯಿಂದ ಇಳಿದು ಸುತ್ತ ನೋಡಿದರು.

"ನನ್ನ ನಾಯಿ ಎಲ್ಲೈತೆ?"

"ಇಲ್ಲೇ ಐತಲ್ರೀ ದೊರೆ" ಎಂದರು ಮಾವನವರು ಛತ್ರಿಯಿಂದ ತೋರಿಸಿ.

"ಇದು ಕುರಿ."

ಕೆಂಚ ಬೊಗಳಿದ.

"ಕೇಳ್ರಿ, ಅದೇ ಹೇಳ್ತೈತೆ!"

ದೊರೆಯ ಮುಖ ಕೆಂಪಗಾಯಿತು. ಬಗ್ಗಿ ಅದರ ಮೈ ಸವರಿದರು. ಕೆಂಚ ಅವರ ಕೈ ನೆಕ್ಕಿದ, ಕುಣಿದಾಡಿದ. ದೊರೆ ಅದನ್ನು ಎತ್ತಿಕೊಂಡು ಗಾಡಿಯತ್ತ ತಿರುಗಿದರು. ಆಗ ಮಾವನವರು ಒಂದು ಕೆಲಸ ಮಾಡಿದರು. ಛತ್ರಿಯನ್ನು ನೆಲಕ್ಕೆ ಹಾಕಿ ಕೈಮುಗಿದು ಗಾಡಿಗೆ ಅಡ್ಡ ನಿಂತರು. "ತಪ್ಪಾತು ದೊರೆ. ಕೂದ್ಲು ಬೆಳೀತೈತೆ. ನಾಯಿ ಬಿಟ್ಟೋಗ್ರಿ." ಹುಟ್ಟಿದಾಗಿನಿಂದ ಯಾರಿಗೂ ತಪ್ಪಾಯಿತು ಎನ್ನದ ಮನುಷ್ಯ! ನಾನು ಬಾಗಿಲ ಮರೆಯಲ್ಲಿ ಸೆರಗು ಕಚ್ಚಿ ನಿಂತಿದ್ದೆ.

ಅಷ್ಟರಲ್ಲಿ ಅತ್ತೆ ತಟ್ಟೆ ಹಿಡಿದು ಹೊರಗೆ ಬಂದರು. "ಉಣ್ಣೋ ಹೊತ್ತಾಗೈತೆ. ಕರ್ಕಂಡೋಗಾರು ಅದು ಉಂಡ ಮ್ಯಾಲೆ ಕರ್ಕಂಡೋಗ್ಲಿ."

ದೊರೆ ಕೆಳಗಿಳಿಸಿದ್ದೇ ತಡ, ಕೆಂಚ ತಟ್ಟೆಗೆ ಬಿದ್ದ. ಸಾರಿನಲ್ಲಿ ಅದ್ದಿದ ಮುದ್ದೆಯನ್ನು ತುತ್ತು ತುತ್ತಾಗಿ, ಹಲ್ಲು ತಾಗಿಸದೆ, ನಮ್ಮವರ ಹಾಗೆಯೇ ಗುಳುಕ್ಕನೆ ನುಂಗಿದ. ತಟ್ಟೆ ನೆಕ್ಕಿ, ದೊರೆಯನ್ನೊಮ್ಮೆ ನೋಡಿ, ಬಾಗಿಲಿಗೆ ಬಂದು ನನ್ನ ಪಾದದ ಮೇಲೆ ಕಿವಿ ಹಾಸಿ ಮಲಗಿದ.

ಇಷ್ಟು ವರ್ಷ ಈ ಸೀಮೆಯ ಅನ್ನ ತಿಂದ ದೊರೆಗೂ ಮುದ್ದೆ ಅಗಿಯದೆ ನುಂಗಲು ಬಂದಿರಲಿಲ್ಲ. "ಆತು ಬಿಡಪ್ಪ. ಅದು ನಿಮ್ಮದೇ ಆಗೈತೆ" ಎಂದರು. ಗಾಡಿ ಹತ್ತುವಾಗ ಕಣ್ಣಿಗೆ ಧೂಳು ಬಿತ್ತೆಂದು ಬಹಳ ಹೊತ್ತು ಒರೆಸಿಕೊಂಡರು. ಅಂದು ಗಾಳಿಯೇ ಇರಲಿಲ್ಲ.

ವಯಸ್ಸಾದ ನಾಯಿ ಎಂದಿದ್ದರಲ್ಲ, ಆ ಮುದುಕ ನಮ್ಮ ಮುದ್ದೆ ತಿಂದು ಇನ್ನೂ ಹನ್ನೆರಡು ವರ್ಷ ಬದುಕಿದ! ಕೂದಲು ಬೆಳೆಯಿತು, ಆದರೆ ಪ್ರತಿ ಬೇಸಿಗೆ ತಾನೇ ಹೋಗಿ ಬೀರಪ್ಪನ ಸಾಲಿನಲ್ಲಿ ನಿಲ್ಲುತ್ತಿದ್ದ. ನನ್ನ ಮುಂದಿನ ಇಬ್ಬರು ಮಕ್ಕಳು ಅವನ ಕಿವಿ ಹಿಡಿದೇ ನಿಲ್ಲುವುದು ಕಲಿತರು. ಮಾವನವರು ಮಾತ್ರ ಅವನನ್ನು ಒಂದು ದಿನವೂ ಮುಟ್ಟಲಿಲ್ಲ. ಅಂಗಳ ದಾಟಲು ಕಡೆಯವರೆಗೂ ಛತ್ರಿ ಬೇಕಿತ್ತು.

ಕೆಂಚ ಹೋದ ದಿನ ಹಿತ್ತಿಲಲ್ಲಿ ಗುಂಡಿ ತೆಗೆಸಿದೆವು. ಮಾವನವರು ಮೆಲ್ಲಗೆ ಬಂದು ಕೂತು, ಛತ್ರಿ ಪಕ್ಕಕ್ಕಿಟ್ಟು ಅವನ ಕಿವಿಯನ್ನು ಮೊದಲ ಸಲ ಸವರಿದರು. ನನಗೆ ತಡೆಯಲಾಗಲಿಲ್ಲ.

"ಇಷ್ಟು ಭಯ ಇಟ್ಕಂಡು ಯಾಕೆ ತಂದ್ರಿ ಮಾವ? ಅಪರೂಪದ್ದು ಅಂತಾನಾ?"

"ಹೂಂ ಕಣವ್ವ" ಎಂದರು. "ಕೂಸು ಹೋದ ಮ್ಯಾಲೆ ಎಂಟು ತಿಂಗ್ಳು ನೀನು ನಕ್ಕಿರ್ಲಿಲ್ಲ. ಅವತ್ತು ಕಟ್ಟೆ ಹತ್ರ ಇವನು ಕಾಲ್ ಮ್ಯಾಲೆ ಮಲಗ್ದಾಗ ನಕ್ಕೆ. ಛತ್ರಿ ಹಿಂದೆ ಕುಂತೋನಿಗೆ ಕೇಳ್ತು. ಅಂಥದನ್ನ ಅಲ್ಲೇ ಬಿಟ್ಟು ಬರಕ್ಕಾಗ್ತದೇನವ್ವ?"

ನಾನು ಬಗ್ಗಿ ಅವರ ಕಾಲು ಮುಟ್ಟಿದೆ.