ವಕೀಲರಿಲ್ಲದೆ ದಿವಾಳಿ

ಸಾವಕಾರನಾಗಬೇಕಾದರೆ ಕೈಯಲ್ಲಿ ದುಡ್ಡಿರಬೇಕು ಎಂಬುದನ್ನು ನಾನು ಚಿಕ್ಕಂದಿನಿಂದ ಒಪ್ಪಿಕೊಂಡು ಬಂದವನು. ದಿವಾಳಿಯಾಗುವುದಕ್ಕೂ ದುಡ್ಡಿರಬೇಕು ಎಂದು ಮಾತ್ರ ನನಗೆ ಯಾರೂ ಹೇಳಿರಲಿಲ್ಲ. ಹೋದ ಬೇಸಿಗೆಯಲ್ಲಿ ಲಿಂಗಸುಗೂರಿನ ವಕೀಲರೊಬ್ಬರು ಹೇಳಿದರು. ಅಂದು ಏರಿದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ನನಗಿಲ್ಲ. ನನ್ನ ಹೆಸರಿನಲ್ಲಿ ಈಗ ಉಳಿದಿರುವ ಆಸ್ತಿಯೆಂದರೆ ಅದೊಂದೇ; ಅದನ್ನು ಜಪ್ತಿ ಮಾಡಲು ಯಾವ ಅದಾಲತ್ತಿನ ಜವಾನನೂ ಬರುವುದಿಲ್ಲ.

ನಾನು ಗುಲಬರ್ಗಾದಲ್ಲಿ ಓದುವಾಗ ಉರ್ದು ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿ ಬಹುಮಾನದ ಕಪ್ಪೊಂದನ್ನು ಗೆದ್ದವನು. ದೇವರಿದ್ದಾನೆ ಎಂದು ಬೆಳಿಗ್ಗೆ ಸಾಧಿಸಿ, ಇಲ್ಲ ಎಂದು ಸಂಜೆ ಸಾಧಿಸಿದ್ದೇನೆ. ಹೀಗೆ ಕಲಿತವನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ: ಬಾಯಿಂದ ಸಾಧಿಸಿದ್ದೆಲ್ಲ ಸಂತೆಯಲ್ಲೂ ಸಾಧ್ಯ ಎಂದು ನಂಬಿಬಿಡುತ್ತಾನೆ. ಊರಾದ ಮಸ್ಕಿಗೆ ಹಿಂದಿರುಗಿದ ಮೇಲೆ ನೌಕರಿ ಬೇಡವೆಂದು ಗೋಲಿ ಸೋಡಾದ ಅಂಗಡಿ ಹಾಕಿದ್ದು ಈ ರೋಗದಿಂದಲೇ. ಹತ್ತಿರದ ಹಟ್ಟಿಯಲ್ಲಿ ಚಿನ್ನದ ಗಣಿಯಿದೆ, ಜನ ಪಾಳಿಯ ಮೇಲೆ ನೆಲದೊಳಗೆ ಇಳಿದು ದುಡಿಯುತ್ತಾರೆ. ನೆಲದೊಳಗಿಂದ ಮೇಲೆ ಬಂದವನಿಗೆ ನೀರಡಿಕೆಯಾಗುತ್ತದೆ. ನೀರಡಿಸಿದವನು ಸೋಡಾ ಕುಡಿಯುತ್ತಾನೆ. ಈ ತರ್ಕದಲ್ಲಿ ಎಲ್ಲಿ ಬಿರುಕಿದೆ, ನೀವೇ ಹೇಳಿ. ನಾನು ಸಿಂಧನೂರಿನ ಸಾವಕಾರ ವೀರಭದ್ರಪ್ಪನ ಮುಂದೆ ಇದೇ ತರ್ಕವನ್ನು ಇಟ್ಟೆ. ಅವನು ತಲೆದೂಗಿ ಮಿಶಿನ್ನಿಗೂ ಬಾಟಲಿಗಳಿಗೂ ಸಾಲ ಕೊಟ್ಟ.

ಹಟ್ಟಿಗೆ ಗಾಡಿಯಲ್ಲಿ ಸಾಗಿಸಿದ ಸೋಡಾವನ್ನು ಜನ ಕುಡಿದರು, ಸುಳ್ಳು ಹೇಳಬಾರದು. ಆದರೆ ಖಾಲಿ ಬಾಟಲಿ ತಿರುಗಿ ಬರಲಿಲ್ಲ. ಬಾಟಲಿಯ ಕೊರಳಲ್ಲಿ ಗಾಜಿನ ಗೋಲಿಯಿರುತ್ತದೆ ಎಂಬುದು ನನ್ನ ತರ್ಕಕ್ಕೆ ಹೊಳೆದಿತ್ತು. ಹಟ್ಟಿಯ ಪೋರರಿಗೆ ಗೋಲಿಯಾಟದ ಹುಚ್ಚಿದೆ ಎಂಬುದು ಹೊಳೆದಿರಲಿಲ್ಲ. ಬಾಡಿಗೆ ಗಾಡಿ ಹೊಡೆಸಿಕೊಂಡು ಬಾಟಲಿ ಕೇಳಲು ಹೋದರೆ ಓಣಿ ಓಣಿಯಲ್ಲಿ ನನ್ನ ಬಂಡವಾಳ ನೆಲದ ಮೇಲೆ ಉರುಳುತ್ತಿತ್ತು. ಹಸಿರು ಗೋಲಿಗೆ ಬೆಲೆ ಹೆಚ್ಚಂತೆ. ಇತ್ತ ಮಸ್ಕಿಯಲ್ಲಿ, ಸೋಡಾದ ನೀರು ಯಾರು ಮುಟ್ಟಿದ್ದೋ ಏನೋ ಎಂದು ಅನುಮಾನಿಸಿದ ಗಿರಾಕಿಗಳನ್ನು ನಾನು ಕೂಡಿಸಿಕೊಂಡು ಮಡಿ ಮೈಲಿಗೆಯ ಪೊಳ್ಳುತನವನ್ನು ವಿವರಿಸುತ್ತಿದ್ದೆ. ಅವರು ಕೊನೆಗೆ ನನ್ನ ವಾದವನ್ನು ಒಪ್ಪಿ, ಪಕ್ಕದ ಹೋಟೆಲಿನಲ್ಲಿ ಚಹಾ ಕುಡಿದು ಮನೆಗೆ ಹೋಗುತ್ತಿದ್ದರು.

ಹೀಗೆ ಸಾಲ ಬೆಳೆದು, ವೀರಭದ್ರಪ್ಪ ದಾವಾ ಹಾಕಿ ಜೇಲು ತೋರಿಸುತ್ತೇನೆ ಎಂದು ಹೇಳಿಕಳಿಸಿದಾಗ, ದಿವಾಳಿ ಅರ್ಜಿಯ ಯೋಚನೆ ಬಂತು. ಅದಾಲತ್ತು ಒಪ್ಪಿದರೆ ಇದ್ದುದನ್ನು ಹಂಚಿಕೊಟ್ಟು, ಉಳಿದ ಸಾಲದಿಂದ ಮನುಷ್ಯನನ್ನು ಬಿಡಿಸುತ್ತದೆ. ಲಿಂಗಸುಗೂರಿನ ವಕೀಲರು ನನ್ನ ಕಥೆಯನ್ನು ಕಣ್ಣುಮುಚ್ಚಿ ಕೇಳಿ, ಮುಗಿದ ಮೇಲೆ ಒಂದು ಕಣ್ಣು ತೆರೆದು ಫೀಸು ಹೇಳಿದರು. ದುಡ್ಡಿಲ್ಲ ಎಂದು ಹೇಳಿಕೊಳ್ಳಲಿಕ್ಕೇ ಬಂದವನ ಹತ್ತಿರ ದುಡ್ಡು ಕೇಳುವುದು ಯಾವ ನ್ಯಾಯ ಎಂದೆ. ದುಡ್ಡಿದ್ದಿದ್ದರೆ ನಾನು ನಿಮ್ಮ ಬಾಗಿಲಿಗೆ ಬರುತ್ತಲೇ ಇರಲಿಲ್ಲವಲ್ಲ ಎಂದೂ ಕೇಳಿದೆ. ಅವರಿಗೆ ಸಿಟ್ಟು ಬರಲಿಲ್ಲ. ನನಗೆ ಅದಕ್ಕೇ ಹೆಚ್ಚು ಸಿಟ್ಟು ಬಂತು.

“ಮನ್ಯಾಗ ಏನೇನೈತ್ರಿ?” ಎಂದರು.

ಅಕ್ಕ ಗಂಗಮ್ಮನ ಎಮ್ಮೆಯೊಂದಿದೆ ಎಂದೆ. ಅಕ್ಕ ಗಂಡ ಸತ್ತ ಮೇಲೆ ನಮ್ಮ ಮನೆಗೆ ಬಂದವಳು. ಬರುವಾಗ ಕೈಯಲ್ಲಿದ್ದ ಬೆಳ್ಳಿ ಕಡಗ ಮಾರಿ ಎಮ್ಮೆ ಕೊಂಡಳು. ನನ್ನ ಸೋಡಾ ನೊರೆ ಉಕ್ಕಿಸುತ್ತಿದ್ದ ಕಾಲದಲ್ಲೂ ನಾವಿಬ್ಬರೂ ಉಂಡದ್ದು ಆ ಎಮ್ಮೆಯ ಹಾಲು ಮಾರಿದ ದುಡ್ಡಿನಲ್ಲಿ.

“ಮನೀ ಯಜಮಾನ ನೀವು. ಮನ್ಯಾಗಿದ್ದದ್ದೆಲ್ಲಾ ನಿಮ್ಮದ ಅಂತ ಹಿಡೀತಾರ. ಅಲ್ಲ ಅಂತ ಸಾಬೀತು ಮಾಡಾಕ ವಕೀಲ ಬೇಕು” ಎಂದು ಅವರು ಮತ್ತೆ ಕಣ್ಣು ಮುಚ್ಚಿದರು.

ಈಗ ಚರ್ಚೆಯ ವಿಷಯವನ್ನು ಸಭೆಯ ಮುಂದೆ ಇಡುತ್ತೇನೆ. ವಕೀಲರನ್ನು ಹಿಡಿದರೆ ಅವರ ಫೀಸಿಗಾಗಿ ಎಮ್ಮೆ ಮಾರಬೇಕು. ಹಿಡಿಯದಿದ್ದರೆ ಎಮ್ಮೆಯನ್ನು ಅದಾಲತ್ತು ಹಿಡಿಯುತ್ತದೆ. ಪರ ಮಾತಾಡಿ, ವಿರೋಧ ಮಾತಾಡಿ, ಎಮ್ಮೆಯಂತೂ ಹೊರಟೇಹೋಗುತ್ತದೆ. ಇಂಥ ಕಾನೂನನ್ನು ಬರೆದವನ ಎದುರು ನಿಲ್ಲಲು ನನಗೊಂದು ವೇದಿಕೆ ಸಿಕ್ಕಿದ್ದರೆ ಅವನ ಬೆವರಿಳಿಸುತ್ತಿದ್ದೆ. ವೇದಿಕೆ ಸಿಗಲಿಲ್ಲ. ಹಾಗಾಗಿ ಅರ್ಜಿಯನ್ನು ನಾನೇ ಬರೆಯುತ್ತೇನೆ, ನಾನೇ ವಾದಿಸುತ್ತೇನೆ ಎಂದು ಪಣ ತೊಟ್ಟೆ. ನಮ್ಮ ಸಂಸ್ಥಾನದಲ್ಲಿ ಅದಾಲತ್ತಿನ ಭಾಷೆ ಉರ್ದು. ನನ್ನ ಉರ್ದುವಿಗೆ ಕಪ್ಪು ಬಂದಿದೆ. ಪೀಠಿಕೆ, ಪೂರ್ವಪಕ್ಷ, ಖಂಡನೆ, ಸಮಾರೋಪ ಎಂದು ಬರೆಯುತ್ತ ಹೋದೆ. ಬಡ್ಡಿಯ ಅನ್ಯಾಯದ ಬಗ್ಗೆ ಬರೆದ ಭಾಗವನ್ನು ಓದಿಕೊಂಡಾಗ ನನಗೇ ಚಪ್ಪಾಳೆ ತಟ್ಟಬೇಕೆನಿಸಿತು. ಅಕ್ಕನಿಗೂ ಕನ್ನಡ ಮಾಡಿ ಹೇಳಿದೆ. ಅವಳು ಹಾಲು ಹಿಂಡುತ್ತಲೇ ಕೇಳಿ, ಇದರಲ್ಲಿ ಎಮ್ಮೆ ಎಲ್ಲಿ ಬರುತ್ತದೆ ಎಂದಳು. ಎಮ್ಮೆ ಬರುವುದೇ ಇಲ್ಲ, ಅದೇ ನನ್ನ ಜಾಣತನ ಎಂದೆ.

“ನೀ ಬಿಟ್ರ ಅವರು ಬಿಡ್ತಾರೇನು?” ಎಂದಳು. ಆಮೇಲೆ, ಪೇಟೆಯವರು ಮಾಡುವಂತೆ ಮಾಡಿದರೆ ಏನು ಕಡಿಮೆಯಾಗುತ್ತದೆ ಎಂದು ಮೆಲ್ಲಗೆ ಕೇಳಿದಳು.

ನಾನು ಕಿಡಿಕಿಡಿಯಾದೆ. ನಮ್ಮ ಪೇಟೆಯ ಪದ್ಧತಿ ಹೀಗಿದೆ: ಕೈಯೆತ್ತಿದ ವ್ಯಾಪಾರಿ ನಡುಹಗಲಿನಲ್ಲಿ ಅಂಗಡಿಯಲ್ಲಿ ದೀಪ ಹಚ್ಚಿ, ಗಾದಿ ಮಗುಚಿಹಾಕಿ, ಬರಿಯ ನೆಲದ ಮೇಲೆ ಕೂಡಬೇಕು. ದೀಪ ಕಂಡು ಸಾಲ ಕೊಟ್ಟವರು ಬರುತ್ತಾರೆ, ಇದ್ದ ಸಾಮಾನನ್ನು ಹಂಚಿಕೊಳ್ಳುತ್ತಾರೆ, ಉಳಿದದ್ದನ್ನು ಬಿಟ್ಟು ಹೋಗುತ್ತಾರೆ. ಹೆಣ್ಣುಮಕ್ಕಳ ಗಳಿಕೆಯನ್ನು ಯಾರೂ ಮುಟ್ಟುವಂತಿಲ್ಲ. ದೀಪ ಆರುವ ತನಕ ದಿವಾಳಿಯೆದ್ದವನು ಬಾಯಿ ತೆರೆಯಬಾರದು. ತೆರೆದನೋ, ಮಾತು ಮುರಿಯಿತು, ಎಲ್ಲರೂ ಎದ್ದು ದಾವಾ ಹಾಕಲು ಸ್ವತಂತ್ರರು. ಸೂರ್ಯನಿರುವಾಗ ದೀಪ ಹಚ್ಚುವುದು ಬುದ್ಧಿಗೇಡಿತನ, ಆರೋಪಿಯ ಬಾಯಿ ಕಟ್ಟುವುದು ಅನಾಗರಿಕತನ ಎಂದು ಅಕ್ಕನಿಗೆ ಬಹಳ ಹೊತ್ತು ವಿವರಿಸಿದೆ. ಅವಳು ಎಮ್ಮೆಯ ಮೈ ತೊಳೆಯಲು ಎದ್ದುಹೋದಳು. ನಾನು ಅದನ್ನು ಒಪ್ಪಿಗೆ ಎಂದು ತಿಳಿದೆ.

ಮರುದಿನ ಲಿಂಗಸುಗೂರಿನ ಅದಾಲತ್ತಿನಲ್ಲಿ ಅರ್ಜಿ ತೆಗೆದುಕೊಳ್ಳುವ ಪೇಶ್ಕಾರರು ನನ್ನ ಅರ್ಜಿಯ ಪುಟಗಳನ್ನು ಬೆರಳಿನಿಂದ ಸರಿಸಿ, ಇದು ಅರ್ಜಿಯೋ ಭಾಷಣವೋ ಎಂದರು. ಬಡ್ಡಿಯ ಅನ್ಯಾಯವನ್ನು ಓದಲಿಲ್ಲ. ಹಾಳೆಯ ತುದಿಯಲ್ಲಿ ಒಂದು ಜಾಗ ತೋರಿಸಿ, ಇಲ್ಲಿ ಬರೆದ ಆಸ್ತಿ ಬಿಟ್ಟರೆ ಮನೆಯಲ್ಲಿ ಬೇರೇನೂ ಇಲ್ಲ ಎಂದು ಪ್ರಮಾಣ ಮಾಡಿ ರುಜು ಹಾಕು ಎಂದರು. ನನಗೆ ಪ್ರಮಾಣದಲ್ಲಿ ನಂಬಿಕೆಯಿಲ್ಲ. ಪ್ರಮಾಣವೆಂಬುದು ಅಂಜುಬುರುಕರ ಆಭರಣ ಎಂದು ಒಮ್ಮೆ ಸಾಧಿಸಿದ್ದೆ. ಆದರೂ ಬೆಳಿಗ್ಗೆ ಕುಡಿದ ಹಾಲು ಹೊಟ್ಟೆಯಲ್ಲಿತ್ತು. ಎಮ್ಮೆ ಅಕ್ಕನದು ಎಂದು ಬಾಯಿಬಿಟ್ಟೆ. ಹಾಗಾದರೆ ಎಮ್ಮೆಯನ್ನೂ ಬರೆ, ಅಕ್ಕನದು ಎಂಬುದನ್ನು ಆಮೇಲೆ ನಿನ್ನ ವಕೀಲ ಹೇಳಲಿ ಎಂದರು. ನಾನು ಅರ್ಜಿಯನ್ನು ಕಸಿದುಕೊಂಡು, ಮೆಟ್ಟಿಲ ಮೇಲೆ ಇದ್ದವರಿಗೆಲ್ಲ ಕೇಳುವಂತೆ ಒಂದೆರಡು ಮಾತಾಡಿ, ಮಸ್ಕಿಯ ಮೋಟಾರು ಹತ್ತಿದೆ.

ಇಳಿದಾಗ ಬಿಸಿಲು ನೆತ್ತಿಯ ಮೇಲಿತ್ತು. ಅಂದು ಸಂತೆ. ವೀರಭದ್ರಪ್ಪ ಹತ್ತಿ ನೋಡಲು ಸಿಂಧನೂರಿನಿಂದ ಬಂದೇ ಬರುತ್ತಾನೆ ಎಂಬುದು ನನಗೂ ಗೊತ್ತಿತ್ತು, ಅಕ್ಕನಿಗೂ ಗೊತ್ತಿತ್ತು. ನಾನು ಅದನ್ನು ಉಪಯೋಗಿಸಿಕೊಳ್ಳಲಿಲ್ಲ, ಅವಳು ಆ ಅವಕಾಶ ಬಿಡಲಿಲ್ಲ. ನನ್ನ ಅಂಗಡಿಯ ಮುಂದೆ ಜನ ನೆರೆದಿದ್ದರು. ಒಳಗೆ ಗಾದಿ ಮಗುಚಿತ್ತು. ಸೋಡಾ ಮಿಶಿನ್ನಿನ ಮೇಲೆ ಹಣತೆ ಉರಿಯುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಅಕ್ಕ ನನ್ನ ರಟ್ಟೆ ಹಿಡಿದಳು.

“ತಮ್ಮಾ, ದೀಪ ನಾ ಹಚ್ಚೀನಿ. ನೀ ಬಾಯಿ ತಗದಿ ಅಂದ್ರ ಎಮ್ಮಿ ಹೋತು. ಸುಮ್ನ ಕುಂದ್ರು.”

ಜೇಬಿನಲ್ಲಿ ಅಷ್ಟೊಂದು ಪುಟಗಳ ಖಂಡನೆ ಇಟ್ಟುಕೊಂಡು ನಾನು ನೆಲದ ಮೇಲೆ ಕುಳಿತೆ. ಅಂಥ ಶಿಕ್ಷೆಯನ್ನು ಯಾವ ಸರ್ಕಾರವೂ ಯಾರಿಗೂ ವಿಧಿಸಿರಲಾರದು. ಸಕ್ಕರೆ ಕೊಟ್ಟಿದ್ದ ಕಿರಾಣಿಯವನು, ಓದಿದವರಿಗೆ ಅಂಗಡಿ ಅಲ್ಲ, ಅಂಗಡಿಯವರಿಗೆ ಓದು ಅಲ್ಲ ಎಂದ. ಇದರಲ್ಲಿ ತರ್ಕದೋಷವಿತ್ತು, ನಾನು ನಾಲಿಗೆ ಕಚ್ಚಿಕೊಂಡೆ. ಬಾಡಿಗೆ ಬರಬೇಕಿದ್ದ ಗಾಡಿಯವನು, ಇವನೇ ಹಟ್ಟಿಯಲ್ಲಿ ಹುಡುಗರ ಜೊತೆ ಗೋಲಿಯಾಡುತ್ತಿದ್ದ ಎಂದ. ಇದು ಹಸಿ ಸುಳ್ಳು, ನಾನು ಮಿಶಿನ್ನನ್ನು ದಿಟ್ಟಿಸಿದೆ. ಅಂಗಡಿಯ ಗೂಡಿನಲ್ಲಿಟ್ಟಿದ್ದ ಚರ್ಚೆಯ ಕಪ್ಪನ್ನು ಯಾರೋ ಉಗುರಿನಿಂದ ಕೆರೆದು ನೋಡಿ, ಒಳಗೆ ಹಿತ್ತಾಳೆ ಕಂಡು, ಮರ್ಯಾದೆಯಿಂದ ನನ್ನ ಮಡಿಲಲ್ಲಿಟ್ಟರು. ವೀರಭದ್ರಪ್ಪ ಮಾತ್ರ ಎಲ್ಲರಿಗಿಂತ ಕೊನೆಗೆ ಬಗ್ಗಿ, ನನ್ನ ಮುಖದ ಹತ್ತಿರ ಮುಖ ತಂದ.

“ಯಾಕಪಾ, ಅವತ್ತ ನನ್ನ ಮುಂದ ಅರಳು ಹುರಿದಂಗ ಮಾತಾಡಿದ್ದಿ. ಇವತ್ತ ಒಂದ್ ಮಾತೂ ಆಡವಲ್ಲಿ. ಹಿತ್ತಲದಾಗ ಎಮ್ಮಿ ಐತಂತಲ್ಲ, ಅದು ಯಾರದು?”

ಅವನಿಗೆ ಬೇಕಾಗಿದ್ದದ್ದು ಉತ್ತರವಲ್ಲ, ನನ್ನ ಬಾಯಿ. ನನಗೆ ಅದು ಗೊತ್ತಾಗುತ್ತಿತ್ತು, ಆದರೂ ಉತ್ತರ ಗಂಟಲಿಗೆ ಬಂದು ನಿಂತಿತ್ತು, ಎಷ್ಟು ಸುಂದರವಾದ ಉತ್ತರ! ನನ್ನ ಸೋಡಾ ಬಾಟಲಿಯ ಕೊರಳಲ್ಲಿ ಗೋಲಿ ಹೇಗೆ ನಿಲ್ಲುತ್ತದೆಂದು ಅಂದು ತಿಳಿಯಿತು. ಬಾಗಿಲಲ್ಲಿ ಅಕ್ಕ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ನಾನು ಕಪ್ಪನ್ನು ಎರಡೂ ಕೈಯಿಂದ ಹಿಡಿದು ಸುಮ್ಮನೆ ಕುಳಿತೆ. ಪೇಟೆಯ ಹಿರಿಯರೊಬ್ಬರು, ಅದು ಗಂಗಮ್ಮನ ಎಮ್ಮೆ, ಊರಿಗೆಲ್ಲ ಗೊತ್ತು, ಬಿಡು ಸಾವಕಾರ ಎಂದರು. ಅಷ್ಟೇ. ಸಾಬೀತಿಲ್ಲ, ಫೀಸಿಲ್ಲ. ವೀರಭದ್ರಪ್ಪ ಮಿಶಿನ್ನು ಹೊರಿಸಿಕೊಂಡು ಹೋದ. ಅವರಿವರು ಬಾಟಲಿಗಳನ್ನು ಹಂಚಿಕೊಂಡರು. ನೆಲಕ್ಕೆ ಇಳಿಸಿಟ್ಟ ಹಣತೆ ಎಣ್ಣೆ ತೀರಿ ಆರಿತು.

ಆಗ ಉಳಿದಿದ್ದವನು ಗಾಣದ ಮಲ್ಲಪ್ಪ ಒಬ್ಬನೇ. ಹಣತೆಗೆ ಎಣ್ಣೆ ಕೊಟ್ಟವನು ತಾನೆಂದೂ, ಅಕ್ಕ ಅವಸರದಲ್ಲಿ ಉದ್ರಿ ಒಯ್ದಳೆಂದೂ, ಈಗ ದುಡ್ಡು ಬೇಕೆಂದೂ ಸಂಕೋಚದಿಂದ ಹೇಳಿದ. ನಾನು ಎದ್ದುನಿಂತೆ. ಎಣ್ಣೆಯಿಲ್ಲದೆ ದೀಪವಿಲ್ಲ, ದೀಪವಿಲ್ಲದೆ ದಿವಾಳಿಯಿಲ್ಲ. ಆದ್ದರಿಂದ ಎಣ್ಣೆಯ ಸಾಲ ದಿವಾಳಿಗೆ ಮೊದಲಿನದು. ಮೊದಲಿನ ಸಾಲವೆಲ್ಲ ದೀಪದೊಂದಿಗೆ ಆರಿಹೋಯಿತು. ಆದ್ದರಿಂದ ನಿನಗೆ ಬರಬೇಕಾದದ್ದು ಏನೂ ಇಲ್ಲ ಎಂದು ಆರಂಭಿಸಿದವನು, ಬಡ್ಡಿಯ ಅನ್ಯಾಯ, ಪೇಶ್ಕಾರರ ಸೊಕ್ಕು, ಕಿರಾಣಿಯವನ ತರ್ಕದೋಷ ಎಲ್ಲವನ್ನೂ ಹೇಳಿ, ಜೇಬಿನಲ್ಲಿದ್ದ ಅರ್ಜಿಯನ್ನೂ ತೆಗೆದು ಓದಿ ಮುಗಿಸಿದೆ. ಮಲ್ಲಪ್ಪ ಕದಲದೆ ಕೇಳಿದ. ಮುಗಿದ ಮೇಲೆ ಹೆಗಲ ಮೇಲಿನ ವಲ್ಲಿ ಕೊಡವಿ ನಿಟ್ಟುಸಿರು ಬಿಟ್ಟ.

“ಛಲೋ ಮಾತಾಡ್ತೀರಿ. ನೀವು ವಕೀಲರಾಗಬೇಕಿತ್ತ ನೋಡ್ರಿ” ಎಂದ.

ಅಂದು ನಾನು ಕೇಳಿದ ಬೈಗುಳಗಳಲ್ಲೆಲ್ಲ ಹೀನವಾದದ್ದು ಅದು. ಆ ಮಾತನ್ನು ಅವನು ಹಿಂದಕ್ಕೆ ತೆಗೆದುಕೊಳ್ಳುವ ತನಕ ಎಣ್ಣೆಯ ದುಡ್ಡು ಕೊಡುವುದಿಲ್ಲ ಎಂದು ಹಟ ಹಿಡಿದಿದ್ದೇನೆ. ಅಕ್ಕ ದಿನಾ ಬೆಳಿಗ್ಗೆ ಅವನ ಮನೆಗೆ ಒಂದು ಲೋಟ ಹಾಲು ಹಾಕಿ ಬರುತ್ತಿದ್ದಾಳೆ. ಯಾಕೆಂದು ನಾನು ಕೇಳಿಲ್ಲ; ಕೇಳಿದರೆ ಅವಳ ಜೊತೆಗೂ ವಾದಕ್ಕೆ ನಿಲ್ಲಬೇಕಾಗುತ್ತದೆ, ಅದರಲ್ಲಿ ನಾನೇ ಗೆಲ್ಲುತ್ತೇನೆ ಎಂಬ ಭಯ.