ಜಾಗಾ ಸರಿ ಇಲ್ಲ

ನಮ್ಮ ಕಾಕಾನಿಗೆ ದೆವ್ವ ಹಿಡಿದಿತ್ತು. ಎಲ್ಲಿ ಹಿಡಿದಿತ್ತು ಎಂದು ಮಾತ್ರ ಕೇಳಬೇಡಿ. ಆ ಒಂದು ಪ್ರಶ್ನೆಗೆ ಅವರು ನೇರ ಉತ್ತರ ಕೊಡದಿದ್ದುದಕ್ಕೇ ಒಂದು ಮಳೆಗಾಲವಿಡೀ ಮರಾಠಿ ಸೀಮೆಯ ಕೋಥರೂಡ ಬಡಾವಣೆಯ ಒಳ್ಳೆಯ ಫ್ಲಾಟೊಂದು ಭೂತಬಂಗಲೆಯಾಗಿತ್ತು.

ಕಾಕಾ ಎಂದರೆ ನನ್ನ ತಂದೆಯ ತಮ್ಮ. ಚಾಕಣದ ಕಾರ್ಖಾನೆಯೊಂದರ ಉಗ್ರಾಣ ನೋಡಿಕೊಳ್ಳುತ್ತಾರೆ. ದಿನವೂ ಅಷ್ಟು ದೂರ ಸ್ಕೂಟರಿನ ಮೇಲೆ, ದಪ್ಪ ಯುನಿಫಾರ್ಮ್ ಪ್ಯಾಂಟಿನಲ್ಲಿ ಬೆವರಿ, ಮಳೆಯಲ್ಲಿ ತೋಯ್ದು, ಮೈಮೇಲೆಯೇ ಒಣಗಿಸಿಕೊಂಡು ಬರುವವರು. ಮಾತಿನಲ್ಲಿ ಅವರನ್ನು ಗೆದ್ದವರಿಲ್ಲ. ಆದರೆ ಅವರ ಭಾಷೆಯಲ್ಲಿ ಮನುಷ್ಯನ ದೇಹ ಹೊಕ್ಕುಳಿಗೆ ಮುಗಿದು ಮತ್ತೆ ಮೊಣಕಾಲಿನಿಂದ ಶುರುವಾಗುತ್ತದೆ. ಚಡ್ಡಿ ಎಂಬ ಶಬ್ದ ಅವರ ಬಾಯಿಂದ ಯಾರೂ ಕೇಳಿಲ್ಲ. ಗ್ಯಾಲರಿಯ ಹಗ್ಗದ ಮೇಲೂ ಅದು ಕಾಣಿಸುವಂತಿಲ್ಲ. ಮೇಲೆ ಒಂದು ಟವೆಲ್ ಹೊದಿಸಿ, ಮರ್ಯಾದೆಯಿಂದ ಒಣಗಿಸುತ್ತಾರೆ. ಒಣಗುತ್ತಿತ್ತೇ? ಅದು ಬೇರೆ ಮಾತು.

ನಾನು ಅವರ ಮನೆಯಲ್ಲಿ, ಹಾಲ್‌ಗೂ ಮಲಗುವ ಕೋಣೆಗೂ ನಡುವಿನ ಕೋಣೆಯಲ್ಲಿ ಇರುವವನು. ಭೌತಶಾಸ್ತ್ರ ಓದಿ, ಯಾವ ಕೆಲಸದಲ್ಲೂ ಕಾಲು ನಿಲ್ಲದೆ, ಈಗ ಮನೆಯಲ್ಲೇ ಕೂತು ಪಠ್ಯಪುಸ್ತಕಗಳ ತಪ್ಪು ತಿದ್ದುತ್ತೇನೆ. ದೆವ್ವಗಳನ್ನು ನಂಬುವುದಿಲ್ಲ. ಆ ಮಳೆಗಾಲದ ನಂತರ ನನ್ನ ನೆನಪನ್ನೂ ಅಷ್ಟಾಗಿ ನಂಬುವುದಿಲ್ಲ.

ಮೊದಲು ಬಂದದ್ದು ವಾಸನೆ. ಆರತಿಯಿಲ್ಲ, ದೇವರ ಮುಂದೆ ದೀಪವಿಲ್ಲ, ಆದರೂ ಸಂಜೆಯ ಹೊತ್ತಿಗೆ ಮನೆಯಲ್ಲಿ ಕರ್ಪೂರ ಘಮ್ಮೆನ್ನುತ್ತಿತ್ತು. ಆಮೇಲೆ ಹೆಜ್ಜೆಗಳು. ಬಚ್ಚಲಿನಿಂದ ಹಾಲ್‌ವರೆಗೆ ಬಿಳಿಯ ಹೆಜ್ಜೆ, ಬರೀ ಬೆರಳುಗಳದ್ದು, ಹಿಮ್ಮಡಿಯೇ ಇಲ್ಲ. ಎಡಗಾಲಿಗೂ ಬಲಗಾಲಿಗೂ ನಡುವೆ ಅಷ್ಟು ಅಂತರ ಬಿಟ್ಟು ಮನುಷ್ಯರು ನಡೆಯುವುದನ್ನು ನಾನು ಕಂಡಿರಲಿಲ್ಲ. ಕಾಕೂ, ಅಂದರೆ ಕಾಕಾನ ಹೆಂಡತಿ, ಅದನ್ನು ನೋಡಿ, ಒದ್ದೆ ಬಟ್ಟೆಯಿಂದ ಒರೆಸಿ ಅಡುಗೆಮನೆಗೆ ಹೋದರು.

ಕೊನೆಗೆ ಸಪ್ಪಳ. ಸಂಜೆ ಹಾಲ್ ಕಡೆಯ ಗೋಡೆಯ ಆಚೆಯಿಂದ ಪರ್... ಪರ್... ಯಾವುದೋ ಉಗುರು ಒಳಗಿನಿಂದ ಹೊರಗೆ ದಾರಿ ಹುಡುಕುತ್ತಿರುವಂತೆ. ನಾನು ಗೋಡೆಗೆ ಕಿವಿ ಇಟ್ಟರೆ ನಿಲ್ಲುತ್ತಿತ್ತು. ತೆಗೆದರೆ ಮತ್ತೆ ಶುರು.

ಅದೇ ದಿನಗಳಲ್ಲಿ ಕಾಕಾ ತಮ್ಮ ಹಾಸಿಗೆ ಎತ್ತಿಕೊಂಡು ಹಾಲ್‌ಗೆ ಬಂದರು. ಸೆಕೆ ಎಂದರು. ಹೊರಗೆ ಮಳೆ ಸುರಿಯುತ್ತಿತ್ತು.

ಒಂದು ಸಂಜೆ ನನ್ನನ್ನು ಗ್ಯಾಲರಿಗೆ ಕರೆದು, ಕೆಳಗೆ ನಿಂತ ಸ್ಕೂಟರುಗಳನ್ನೇ ನೋಡುತ್ತ ಹೇಳಿದರು: "ತಮ್ಮಾ, ಜಾಗಾ ಸರಿ ಇಲ್ಲೋ."

"ಯಾವ ಜಾಗಾ ಕಾಕಾ? ಈ ಫ್ಲ್ಯಾಟ?"

"ಫ್ಲ್ಯಾಟ ಅಲ್ಲಪಾ. ಜಾಗಾ." ಕಣ್ಣು ಒಮ್ಮೆ ಕೆಳಗಿಳಿದು ಮೇಲೆ ಬಂತು. "ಕೆರೀತದ, ಉರೀತದ. ಕೊಬ್ಬರಿ ಎಣ್ಣ್ಯಾಗ ಕರ್ಪೂರ ಹಾಕಿ ಹಚ್ಚಿದೆ, ಪೌಡರ್ ಬಡಕೊಂಡೆ, ಹೋಗಲಿಲ್ಲ. ಅಂಗಡ್ಯಾಂವ ಟ್ಯೂಬ್ ಕೊಟ್ಟಾನ. ಹಚ್ಚಿದ್ರ ಹೋಗ್ತದ. ಬಿಟ್ರ ಮತ್ತ ಬರ್ತದ, ಮೊದಲಿಗಿಂತ ಜೋರಾಗಿ."

ಹೀಗೆ ಕರ್ಪೂರ ಕೊಬ್ಬರಿ ಎಣ್ಣೆಯಲ್ಲಿ ಕರಗಿತು, ಬಿಳಿ ಹೆಜ್ಜೆ ಟಾಲ್ಕಂ ಪೌಡರ್ ಆಯಿತು, ಉಗುರಿಗೂ ಒಡೆಯ ಸಿಕ್ಕ. ಡಾಕ್ಟರಿಗೆ ತೋರಿಸಿ, ಕಾಕೂಗೆ ಹೇಳಿ, ಎಂದೆ. ಕಾಕಾ ನನ್ನ ಕೈ ಹಿಡಿದುಕೊಂಡರು.

"ಆಕಿಗೆ ಹೇಳಿದಿ ಅಂದ್ರ ನೋಡು. ಎಲ್ಲಿಂದ ತಂದ್ರಿ ಇದನ್ನ ಅಂತ ಕೇಳಿದ್ರ ಏನ್ ಹೇಳ್ಲಿ? ಇಷ್ಟು ವರ್ಷ ಒಂದ ತಾಟಿನಾಗ ಉಂಡೇವಿ. ನನ್ನ ಮ್ಯಾಲ ಆಕಿಗೆ ಸಂಶೇ ಬಂದ್ರ ನಾ ಉಳ್ಯಾಂಗಿಲ್ಲ."

ಕಾಕೂ ಅಡುಗೆಮನೆಯ ಕಿಟಕಿಯಿಂದ ಎರಡೇ ಮಾತು ಕೇಳಿಸಿಕೊಂಡಿದ್ದರು. ಜಾಗಾ ಸರಿ ಇಲ್ಲ. ಮತ್ತು, ಮತ್ತ ಬರ್ತದ. ಅವರು ಅದನ್ನು ಎದುರು ಫ್ಲಾಟಿನವರಿಗೆ ಮರಾಠಿಯಲ್ಲಿ ಹೇಳಿದರು. ಮರಾಠಿಯಲ್ಲೂ ಜಾಗಾ ಎಂದರೆ ಜಾಗಾ. ಮರುದಿನ ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ.

ನಾನು ನಗುತ್ತಿದ್ದೆ. ಎಲ್ಲಿಯವರೆಗೆ ಎಂದರೆ, ಒಂದು ಮಧ್ಯಾಹ್ನ ಆ ಸಪ್ಪಳ ಮತ್ತೆ ಕೇಳುವವರೆಗೆ. ಪರ್... ಪರ್... ಕಾಕಾ ಆಗ ಚಾಕಣದಲ್ಲಿದ್ದರು. ಅದು ಬಂದದ್ದೂ ಹಾಲ್‌ನ ಗೋಡೆಯಿಂದಲ್ಲ, ಇನ್ನೊಂದು ಬದಿಯ ಗೋಡೆಯಿಂದ. ಎದ್ದು ಹೋಗಿ ನೋಡಿದೆ. ಮಲಗುವ ಕೋಣೆಯಲ್ಲಿ ಕಾಕೂ ಗೋಡೆಯ ಕಡೆ ಮುಖ ಮಾಡಿ ನೆಟ್ಟಗೆ ಕೂತಿದ್ದರು, ತಿರುಗಲಿಲ್ಲ. ನಾನು ಕೇಳಿದ್ದು ನಿಜವೇ? ಅಥವಾ ಸಂಜೆ ಕೇಳಿದ್ದನ್ನು ನೆನಪು ಮಧ್ಯಾಹ್ನಕ್ಕೆ ತಂದು ಅಂಟಿಸಿತೇ? ಆ ದಿನ ಬಾಗಿಲಿನ ನಿಂಬೆಹಣ್ಣು ಓರೆಯಾಗಿತ್ತು. ಯಾರೂ ನೋಡದಾಗ ನೆಟ್ಟಗೆ ಮಾಡಿದೆ.

ಆ ವಾರವೇ ಕಾಕೂ ತೀರ್ಪು ಕೊಟ್ಟರು: "ಈ ಜಾಗಾ ಬ್ಯಾಡ್ರಿ. ಬಿಟ್ಟು ಹೋಗೂಣು."

ಕಾಕಾ ನನ್ನ ಕೋಣೆಗೆ ಬಂದು ಹಣೆ ಹಿಡಿದುಕೊಂಡರು. "ಮನಿ ಮಾರೂದು ನಿಕ್ಕಿ ಅಂತಾಳ. ಮನಿ ಬಿಡಬಹುದಪಾ. ಈ ಜಾಗಾ ನಾ ಎಲ್ಲಿ ಬಿಟ್ಟು ಹೋಗ್ಲಿ?"

ಹೀಗೆ ಡಾಕ್ಟರಿಗೆ ಒಪ್ಪಿದರು. ಹೊರಡುವಾಗ ಕಾಕೂ ಎಲ್ಲಿಗೆಂದು ಕೇಳಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಕಾಕಾ, "ಜಾಗಾ ತೋರಸಲಿಕ್ಕೆ" ಎಂದುಬಿಟ್ಟರು. ಯಾರೋ ಫ್ಲಾಟು ಕೊಳ್ಳುವವರಿರಬೇಕೆಂದು ಕಾಕೂ ಚಪ್ಪಲಿ ಮೆಟ್ಟಿದರು. "ನಾನೂ ಬರ್ತೀನಿ. ನೀವು ಒಬ್ರ ಹೋದ್ರ ಸೋವಿ ದರಕ್ಕ ಕೊಟ್ಟು ಬರ್ತೀರಿ."

ಚರ್ಮರೋಗದ ದವಾಖಾನೆಯ ಬೋರ್ಡು ಓದಿ ಕಾಕೂ ಅವರ ಮುಖ ಬಿಳಿಚಿಕೊಂಡಿತು. ಆದರೂ ಗಂಡನ ಹಿಂದೆಯೇ ಒಳಗೆ ಹೋದರು. ನಾನು ಪರದೆಯ ಈಚೆ ಕೂತೆ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ತುರಿಕೆ ಎಲ್ಲಿ ಎಂದು ಮರಾಠಿಯಲ್ಲಿ ಕೇಳಿದರು.

ಕಾಕಾ ಬಹಳ ಹೊತ್ತು ಯೋಚಿಸಿ ಹೇಳಿದರು: "ಕೋಥರೂಡದಾಗ."

ಆಮೇಲೆ ಒಳಗೆ ಮಂಚದ ಕಿರುಗುಟ್ಟುವಿಕೆ, ಮತ್ತೆ ಡಾಕ್ಟರರ ಧ್ವನಿ. ಇದು ಗಜಕರ್ಣ, ಬೆವರು, ಒದ್ದೆ ಬಟ್ಟೆಯಲ್ಲಿ ಬೆಳೆಯುವ ಶಿಲೀಂಧ್ರ. ನಾಚಿಕೆ ಪಡುವಂಥದ್ದಲ್ಲ. ಅಂಗಡಿಯ ಟ್ಯೂಬಿನಲ್ಲಿ ಸ್ಟೆರಾಯ್ಡ್ ಇದೆ. ಅದು ತುರಿಕೆಯನ್ನು ಮುಚ್ಚಿಡುತ್ತದೆ, ಒಳಗೆ ರೋಗವನ್ನು ಬೆಳೆಸುತ್ತದೆ. ತುರಿಕೆ ನಿಂತ ಮೇಲೂ ನಾನು ಹೇಳುವವರೆಗೆ ಔಷಧ ಬಿಡಬೇಡಿ. ಒಳಉಡುಪು ಬಿಸಿಲಿನಲ್ಲಿ ಒಣಗಲಿ. ಟವೆಲ್ ಬೇರೆ ಇರಲಿ. ಇದು ಒಬ್ಬರಿಂದ ಒಬ್ಬರಿಗೆ ಹತ್ತುತ್ತದೆ. ಮನೆಯಲ್ಲಿ ಇನ್ನು ಯಾರಿಗಾದರೂ ಇದೆಯೇ?

ಸೀರೆ ಸರಿದ ಸಪ್ಪಳವಾಯಿತು.

"ನನ್ನ ಟೊಂಕದ ಮ್ಯಾಲ ಅದ," ಎಂದರು ಕಾಕೂ, ಕನ್ನಡದಲ್ಲಿ, ಗಂಡನಿಗೆ. "ದುಂಡಗ, ಬಳಿ ಇಟ್ಟಂಗ. ನನಗ ಮನ್ಯಾಗಿಂದು ಅದು ಹಿಡದದ ಅಂತ ತಿಳದಿದ್ದೆ. ಅದು ಗೊತ್ತಾಗೇ ನೀವು ಹಾಸಗಿ ಎತಗೊಂಡು ಹ್ವಾದ್ರಿ ಅಂತ ತಿಳದಿದ್ದೆ. ಹೇಳಿದ್ರ ಮನೀನೂ ಬಿಟ್ಟು ಹೋಗ್ತೀರಿ ಅಂತ ಸುಮ್ನಿದ್ದೆ."

"ಹುಚ್ಚಿ," ಎಂದರು ಕಾಕಾ. "ನಂದೇ ನಿನಗ ಹತ್ತೇದ."

ಹಾಗಾದರೆ ಆ ಮಧ್ಯಾಹ್ನ ನಾನು ಕೇಳಿದ್ದು ನಿಜ. ನನ್ನ ಒಂದು ಬದಿಯ ಗೋಡೆಯಾಚೆ ಅವರು, ಇನ್ನೊಂದು ಬದಿಯ ಗೋಡೆಯಾಚೆ ಇವರು. ಒಂದೇ ತುರಿಕೆಯನ್ನು ಪರಸ್ಪರ ಕದ್ದು ಕೆರೆದುಕೊಳ್ಳುತ್ತ, ಒಬ್ಬರಿಗೊಬ್ಬರು ದೆವ್ವವಾಗಿದ್ದರು.

ಔಷಧ ಬಹಳ ವಾರ ನಡೆಯಿತು. ಹಗ್ಗದ ಮೇಲಿನ ಟವೆಲ್ ಹೋಗಿ, ಇಡೀ ಸೊಸಾಯಿಟಿಗೆ ಕಾಣುವಂತೆ ಕಾಕಾನ ಚಡ್ಡಿಗಳು ಬಿಸಿಲು ಕಂಡವು. ಇಬ್ಬರಿಗೂ ಪೂರ್ತಿ ಗುಣವಾಯಿತೆಂದು ಡಾಕ್ಟರು ಹೇಳಿದ ಭಾನುವಾರ, ಊಟವಾದ ಮೇಲೆ ಕಾಕಾ ಹಾಲ್‌ನಿಂದ ಹಾಸಿಗೆ ಸುತ್ತಿ ಎತ್ತಿಕೊಂಡು, ನನ್ನ ಕಡೆ ನೋಡದೆ, ನನ್ನ ಕೋಣೆಯ ಮುಂದಿನಿಂದ ಹೋದರು. ಕಾಲುಗಳು ಹತ್ತಿರ ಹತ್ತಿರವೇ ಬೀಳುತ್ತಿದ್ದವು.

ಅಭ್ಯಾಸಬಲದಿಂದ ನಾನು ಗೋಡೆಗೆ ಕಿವಿಗೊಟ್ಟೆ. ಉಗುರಿನ ಸಪ್ಪಳವಿಲ್ಲ. ಬಳೆಯ ಸಪ್ಪಳವಾಯಿತು, ಆಮೇಲೆ ಕಾಕೂ ಅವರ ಧ್ವನಿ. ಇದನ್ನು ಮಾತ್ರ ನನ್ನ ನೆನಪು ತಪ್ಪು ಹೇಳುತ್ತಿರಲಾರದು.

"ಅತ್ತಾಗ ಸರೀರಿ. ನನಗೂ ಒಂದೀಟು ಜಾಗಾ ಬಿಡ್ರಿ."